ಹುಳುವಿನ ಮನೆಗೆ ಹೊಟ್ಟೆಯಿಲ್ಲದ ಗಿಟಾರ್

ಮದುವೆಯಾಗಿ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬಂದಾಗ ಬೀರು, ಹಾಸಿಗೆ, ಪಾತ್ರೆಗಳ ಜೊತೆಗೆ ನನ್ನದೊಂದು ಗಿಟಾರ್ ಕೂಡ ಬಂತು. ಲಗೇಜ್ ಇಳಿಸುತ್ತಿದ್ದವರು ಬಟ್ಟೆ ಸುತ್ತಿದ್ದ ಅದನ್ನು ವೀಣೆ ಎಂದುಕೊಂಡು ದೇವರ ಗೂಡಿನ ಪಕ್ಕದಲ್ಲಿ ಭಕ್ತಿಯಿಂದ ಒರಗಿಸಿದರು. ನಾನು ತಿದ್ದಲು ಹೋಗಲಿಲ್ಲ. ಹೊಸ ಸೊಸೆಗೆ ಮೊದಲ ದಿನವೇ ಸಿಕ್ಕಿದ ಮರ್ಯಾದೆಯನ್ನು ಯಾಕೆ ಕಳೆದುಕೊಳ್ಳಬೇಕು?

ಅದು ಅಪ್ಪನ ಗಿಟಾರ್. ಅಪ್ಪ ಹರೆಯದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದಾಗ, ಪಕ್ಕದ ಮೇಜಿನ ಆಂಗ್ಲೋ ಇಂಡಿಯನ್ ಸ್ನೇಹಿತರೊಬ್ಬರು ಶನಿವಾರದ ಸಂಜೆ ಕ್ಲಬ್ಬಿನಲ್ಲಿ ಜಾಝ್ ನುಡಿಸುತ್ತಿದ್ದರಂತೆ. ಅವರು ದೇಶ ಬಿಟ್ಟು ಹೋಗುವಾಗ ಗಿಟಾರನ್ನು ಅಪ್ಪನ ಕೈಗಿಟ್ಟು ಹೋದರು. ದೊಡ್ಡ ಹೊಟ್ಟೆ, ಎದೆಯ ಮೇಲೆ ಎರಡು ಬಳುಕು ತೂತು, ಸ್ವಲ್ಪ ಮೀಟಿದರೂ ಪಕ್ಕದ ಬೀದಿಗೆ ಕೇಳುವಷ್ಟು ದನಿ. ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಸಂಜೆ ಕಾಫಿ ಆದಮೇಲೆ ಅಪ್ಪ ಶಾರ್ಟ್‌ವೇವ್ ರೇಡಿಯೋ ತಿರುಗಿಸುತ್ತಿದ್ದರು. ಗೊರಗೊರ ಸದ್ದಿನ ನಡುವೆ ಜಾಝ್ ಸಿಕ್ಕರೆ ಹಬ್ಬ. ಜಾಝ್ ಅಂದರೆ ಏನು ಎಂದು ಕೇಳಿದ್ದಕ್ಕೆ ಅಪ್ಪ ಒಮ್ಮೆ ಹೇಳಿದ್ದರು: ‘ಧಾಟಿ ಹಿಡ್ಕೊಂಡು ಮನೆ ಬಿಡೋದು, ಎಲ್ಲೆಲ್ಲೋ ಸುತ್ತೋದು, ಊಟದ ಹೊತ್ತಿಗೆ ಮನೆಗೆ ಬಂದ್ಬಿಡೋದು ಕಣೇ.’ ನಾನು ನುಡಿಸುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಮದುವೆಯ ಹಿಂದಿನ ದಿನ ಅದನ್ನು ನನ್ನ ಸಾಮಾನಿನ ಜೊತೆಗೆ ಕಟ್ಟಿದ್ದೂ ಅವರೇ.

ಶಿಡ್ಲಘಟ್ಟದ ಮನೆಯಲ್ಲಿ ಇದ್ದವರು ಮೂವರು: ಅತ್ತೆ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಮ್ಮವರು, ಮತ್ತು ನಾನು. ನಾಲ್ಕನೆಯವು ರೇಷ್ಮೆ ಹುಳುಗಳು. ಯಜಮಾನಿಕೆ ಅವುಗಳದೇ. ನಡುಮನೆಯ ತುಂಬ ಬಿದಿರಿನ ತಟ್ಟೆಗಳ ಸಾಲು, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು. ಊರಾಚೆಯ ಹಿಪ್ಪುನೇರಳೆ ತೋಟವನ್ನೂ ಈ ಹುಳುಗಳನ್ನೂ ಅತ್ತೆ ಒಬ್ಬರೇ ನೋಡಿಕೊಂಡು ಮಗನನ್ನು ಓದಿಸಿದವರು. ಹಾಗಾಗಿ ಅವರ ಕಾನೂನಿಗೆ ಎದುರು ಮಾತಿರಲಿಲ್ಲ. ಹುಳು ಇರುವಾಗ ಸಾಸಿವೆ ಒಗ್ಗರಣೆ ಹಾಕುವಂತಿಲ್ಲ. ಊದುಬತ್ತಿ ಹಚ್ಚುವಂತಿಲ್ಲ. ಹೊಸ ಮದುಮಗಳಾದ ನಾನು ಮುಖಕ್ಕೆ ಪೌಡರ್ ಬಳಿದುಕೊಂಡು ನಡುಮನೆ ದಾಟುವಂತಿಲ್ಲ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಮರಿಯಿಂದ ಗೂಡು ಕಟ್ಟುವವರೆಗಿನ ಒಂದು ಬೆಳೆಗೆ ನಾಲ್ಕು ಜ್ವರ. ಜ್ವರಕ್ಕೆ ಕೂತಾಗಲಂತೂ ಮನೆಯಲ್ಲಿ ಲೋಟ ಕೆಳಗಿಡುವುದಕ್ಕೂ ಯೋಚಿಸಬೇಕು.

ಇದೆಲ್ಲ ಗೊತ್ತಾಗುವ ಮುಂಚೆಯೇ ನಾನು ಬಂದ ಹೊಸದರಲ್ಲಿ ಉತ್ಸಾಹದಿಂದ ಎರಡು ಮೂರು ಸಂಜೆ ಗಿಟಾರ್ ನುಡಿಸಿದೆ. ಆ ಬೆಳೆಗೆ ಹಾಲುತೊಂಡೆ ರೋಗ ಬಂತು. ತಟ್ಟೆಗಟ್ಟಲೆ ಹುಳುಗಳನ್ನು ಹೊರಗೆ ಸುರಿಯಬೇಕಾಯಿತು. ಅತ್ತೆ ಗೋಡೆಗೊರಗಿದ್ದ ಗಿಟಾರಿನ ಕಡೆ ಒಮ್ಮೆ ನೋಡಿದರು ಅಷ್ಟೆ. ಬೈದಿದ್ದರೆ ಜಗಳವಾಡಬಹುದಿತ್ತು.

ನಮ್ಮವರು ನನ್ನ ಪರ ವಕಾಲತ್ತಿಗೆ ನಿಂತರು.

‘ಅಮ್ಮ, ಮಳೇಲಿ ನೆಂದ ಸೊಪ್ಪು ಹಾಕಿದ್ದಕ್ಕೆ ಹಂಗಾಗಿದ್ದು. ರೇಷ್ಮೆ ಹುಳಕ್ಕೆ ಕಿವೀನೇ ಇಲ್ಲ ಕಣಮ್ಮ, ಪುಸ್ತಕದಲ್ಲಿ ಐತೆ.’

‘ನಿಂಗೆ ಎರಡು ಐತಲ್ಲ. ನಾನು ಹೇಳಿದ್ದು ಒಂದಿನಾನಾದ್ರೂ ಕೇಳಿದ್ದೀಯೇನೋ?’

ವಕೀಲರು ಅಲ್ಲಿಗೇ ಕೂತರು. ಗಿಟಾರ್ ಚಿಕ್ಕಬಳ್ಳಾಪುರಕ್ಕೆ ವಾಪಸ್ ಹೋಯಿತು. ನನಗೆ ಅಳು ಬಂತು, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ತಂತಿ ಒತ್ತಿ ಒತ್ತಿ ಗಟ್ಟಿಯಾಗಿದ್ದ ಬೆರಳ ತುದಿಯ ಚರ್ಮ ದಿನದಿನಕ್ಕೆ ಮೆತ್ತಗಾಗುತ್ತಿದ್ದುದು ನನಗೆ ಸೌದೆ ಉರಿಸುವಾಗ, ಬಟ್ಟೆ ಹಿಂಡುವಾಗ ಗೊತ್ತಾಗುತ್ತಿತ್ತು. ಇನ್ನೊಂದಿಷ್ಟು ತಿಂಗಳು ಹೀಗೇ ಹೋದರೆ ನುಡಿಸುವುದು ನನ್ನಿಂದ ಬಿಟ್ಟೇ ಹೋಗುತ್ತದೆ ಎಂಬ ಹೆದರಿಕೆ ಹತ್ತಿತು.

ಉಪಾಯ ಹೊಳೆದದ್ದು ಮೇಷ್ಟ್ರಿಗೇ. ಹೊಟ್ಟೆ ಟೊಳ್ಳಾಗಿರುವುದರಿಂದ ತಾನೇ ಸದ್ದು? ಹೊಟ್ಟೆಯೇ ಇಲ್ಲದ, ಇಡೀ ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರ್ ತಂದರೆ? ಕರೆಂಟು ಕೊಟ್ಟರೆ ಕೂಗುತ್ತದೆ, ಕೊಡದಿದ್ದರೆ ನುಡಿಸುವವರ ತೊಡೆಗೆ ಮಾತ್ರ ಕೇಳುತ್ತದೆ. ಈ ಮಾತಿಗೆ ಅತ್ತೆ ‘ನೋಡಣ’ ಅಂದರು. ಅವರ ಬಾಯಲ್ಲಿ ಅದು ಅರ್ಧ ಒಪ್ಪಿಗೆ.

ಅಪ್ಪನಿಗೆ ಹೇಳಿದರೆ ಅವರು ಮುಖ ಸಿಂಡರಿಸಿದರು. ‘ಹಲಗೆ ಮೇಲೆ ಜಾಝಾ? ಅದೇನಿದ್ರೂ ಸಿನಿಮಾ ಹಾಡಿಗೆ ಕಣೇ.’ ಕಾಫಿ ಮುಗಿಯುವ ಹೊತ್ತಿಗೆ ತಾವೇ ಮೆತ್ತಗಾದರು. ‘ತಗೊಳ್ಳೋದೇ ಆದ್ರೆ ಕತ್ತಿನ ಹತ್ರ ಪಿಕಪ್, ಅದೇ ತಂತಿ ದನಿ ಹಿಡಿಯೋ ಪಟ್ಟಿ, ಇರೋದು ನೋಡು. ಟೋನ್ ಗುಂಡಿ ಕೆಳಗಿಳ್ಸು. ತಂತಿ ದಪ್ಪಗಿರ್ಲಿ. ಸದ್ದು ಫಳಫಳ ಅನ್ಬಾರ್ದು, ದುಂಡಗಿರ್ಬೇಕು.’

ಚಿಂತಾಮಣಿಯಲ್ಲಿ ಒಬ್ಬರು ರೇಡಿಯೋ ರಿಪೇರಿ ಅಂಗಡಿಯವರಿದ್ದರು. ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದವರು. ಕೀಬೋರ್ಡಿನ ಕಾಲ ಬಂದಮೇಲೆ ಎರಡು ಎಲೆಕ್ಟ್ರಿಕ್ ಗಿಟಾರ್ ಮೂಲೆ ಸೇರಿದ್ದವು, ಕೊಡುವ ಮನಸ್ಸಿದೆ ಎಂದು ನಮ್ಮವರಿಗೆ ಸುದ್ದಿ ಸಿಕ್ಕಿತು. ಒಂದು ಬೆಳೆ ಮುಗಿದು ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗಿಟ್ಟ ಭಾನುವಾರ ಹೊರಡಲು ಸಿದ್ಧವಾದೆವು. ನೋಡಿದರೆ ಅತ್ತೆ ಒಗೆದ ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

‘ನೀವೂ ಬರ್ತೀರಾ ಅತ್ತೆ?’

‘ಹುಳದ ಮನೆಗೆ ಬರೋ ವಸ್ತು. ನಾನು ನೋಡ್ದೆ ಹೆಂಗಮ್ಮ ತರೋದು?’

ಅಂಗಡಿಯ ಭಾಯಿ ಎರಡನ್ನೂ ಒರೆಸಿ ಬೆಂಚಿನ ಮೇಲೆ ಮಲಗಿಸಿದ್ದರು. ಒಂದು ಕೆಂಪು, ತೆಳ್ಳಗೆ, ಹಗುರ. ನಮ್ಮವರ ಕಣ್ಣು ಅದರ ಮೇಲೆಯೇ. ಇನ್ನೊಂದು ಬೆಲ್ಲದ ಬಣ್ಣದ್ದು, ಎತ್ತಿದರೆ ಭುಜ ಜಗ್ಗುವಷ್ಟು ಭಾರ. ಭಾಯಿ ಆಂಪ್ಲಿಫೈಯರಿಗೆ ಸಿಕ್ಕಿಸಿ ಕೊಟ್ಟರು. ಕೆಂಪು ಗಿಟಾರಿನ ದನಿ ಬಲು ಚುರುಕು, ಟೋನ್ ಗುಂಡಿಯನ್ನು ಎಷ್ಟು ಇಳಿಸಿದರೂ ಚುಯ್ಯೆನ್ನುವುದು ಬಿಡಲಿಲ್ಲ. ಬೆಲ್ಲದ ಬಣ್ಣದ್ದಕ್ಕೆ ಕತ್ತಿನ ಹತ್ತಿರದಲ್ಲೇ ಪಿಕಪ್ ಇತ್ತು. ಗುಂಡಿ ಇಳಿಸಿ, ಅಪ್ಪ ಕಲಿಸಿದ ನಾಲ್ಕು ಸ್ವರಗಳ ಹಿಡಿತವೊಂದನ್ನು ಹಿಡಿದು ಮೀಟಿದೆ. ಅಪ್ಪ ಹೇಳಿದ ದುಂಡುತನ ಅಲ್ಲಿತ್ತು. ನನಗೆ ಮೈ ಜುಮ್ಮೆಂದಿತು. ಇದೇ ಬೇಕು ಎಂದು ಬಾಯಿ ಬಿಡುವಷ್ಟರಲ್ಲಿ ಗಿಟಾರನ್ನು ವಾಲಿಸಿದೆ, ಒಳಗಿನಿಂದ ಗಲಗಲ ಸದ್ದು ಬಂತು.

ಭಾಯಿ ಪ್ರಾಮಾಣಿಕರು. ‘ಅದ್ರಲ್ಲಿ ಏನೋ ಲೂಸ್ ಆಗೈತೆ ಮೇಡಂ, ಬಿಚ್ಚಿ ನೋಡಿಲ್ಲ. ರೆಡ್ ತಗೊಳ್ಳಿ, ಕಂಪ್ಲೇಂಟೇ ಇಲ್ಲ’ ಅಂದರು. ನಮ್ಮವರು ತಕ್ಷಣ ಕೆಂಪಿನ ಪಕ್ಷ ಸೇರಿದರು. ಒಳಗೆ ಏನಾದರೂ ಮುರಿದಿದ್ದರೆ ಶಿಡ್ಲಘಟ್ಟದಲ್ಲಿ ಯಾರ ಕೈಗೆ ಕೊಡುವುದು? ನಾನೂ ಹಿಂಜರಿದೆ.

ಅಷ್ಟರಲ್ಲಿ ಅತ್ತೆ ಎದ್ದು ಬಂದರು. ಎರಡೂ ಗಿಟಾರುಗಳ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಕೆಂಪನ್ನು ನನ್ನ ಕೈಯಿಂದ ಎತ್ತಿಸಿ ತಮ್ಮ ಕಿವಿಯ ಹತ್ತಿರ ಅಲ್ಲಾಡಿಸಲು ಹೇಳಿದರು. ಸದ್ದಿಲ್ಲ. ತುಟಿ ಓರೆ ಮಾಡಿದರು. ಆಮೇಲೆ ಬೆಲ್ಲದ ಬಣ್ಣದ್ದು. ಗಲಗಲ. ಅತ್ತೆಯ ಮುಖ ಅರಳಿತು.

‘ಇದು ಜೀವ ಇರೋ ಗೂಡು. ಇದೇ ತಗೊಳ್ಳಮ್ಮ.’

ಗೂಡಿನ ಮಾರ್ಕೆಟ್ಟಿನಲ್ಲಿ ಹಾಗೆಯೇ. ರೇಷ್ಮೆ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗಿನ ಹುಳು ಗಲಗಲ ಅಂದರೆ ಒಳ್ಳೆಯ ಗೂಡು. ಸದ್ದಿಲ್ಲದಿದ್ದರೆ ಹುಳು ಸತ್ತು ಅಂಟಿಕೊಂಡಿದೆ ಎಂದು ಲೆಕ್ಕ. ಗಿಟಾರಿಗೂ ಅತ್ತೆ ಅದೇ ನ್ಯಾಯ ಹಚ್ಚಿದ್ದರು. ಭಾಯಿಯ ಬಂಧುಗಳು ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರಂತೆ, ಅವರಿಗೆ ತಕ್ಷಣ ಅರ್ಥವಾಯಿತು. ನಗು ತಡೆದುಕೊಳ್ಳಲು ಕೆಮ್ಮಿದರು. ನಾನು ಮಾತ್ರ ನಗಲಿಲ್ಲ, ನನಗೆ ಬೇಕಾದದ್ದೇ ಸಿಗುತ್ತಿರುವಾಗ ನ್ಯಾಯಾಧೀಶರನ್ನು ತಿದ್ದುವುದು ಜಾಣತನವಲ್ಲ.

ಕೊನೆಯ ಪರೀಕ್ಷೆ ಇನ್ನೂ ಬಾಕಿಯಿತ್ತು. ಅತ್ತೆ ರಸ್ತೆಯ ಆ ಬದಿಗೆ ಹೋಗಿ ನಿಂತು, ಕರೆಂಟು ತೆಗೆದು ನುಡಿಸು ಎಂದು ಸನ್ನೆ ಮಾಡಿದರು. ನುಡಿಸಿದೆ. ನಡುವೆ ಒಂದು ಪ್ರೈವೇಟ್ ಬಸ್ಸು, ಒಂದು ಸೊಪ್ಪಿನ ಗಾಡಿ ಹಾದುಹೋದವು. ವಾಪಸ್ ಬಂದು, ‘ಏನೂ ಕೇಳ್ಸಲ್ಲ, ಒಳ್ಳೇದಾಯ್ತು’ ಅಂದರು. ಆಂಪ್ಲಿಫೈಯರ್ ಬೇಡ ಎಂದಾಗ ಭಾಯಿ ನನ್ನನ್ನೂ ಅತ್ತೆಯನ್ನೂ ಮತ್ತೆ ಮತ್ತೆ ನೋಡಿದರು. ‘ಸೌಂಡೇ ಬೇಡ್ವಾ? ಸೌಂಡ್ ಬರ್ಬಾರ್ದು ಅಂತ ಗಿಟಾರ್ ತಗೊಂಡೋರ್ನ ನಾನು ನೋಡೇ ಇಲ್ಲಮ್ಮ.’

ಮನೆಗೆ ತಂದ ಮೇಲೆ ನಮ್ಮವರು ಸ್ಕ್ರೂಡ್ರೈವರ್ ಹಿಡಿದು ಬೆನ್ನ ಮುಚ್ಚಳ ಬಿಚ್ಚಿದರು. ಯಾವುದೋ ಹಳೆಯ ನಟ್ಟೊಂದು ಒಳಗೆ ಬಿದ್ದಿತ್ತು, ಅಷ್ಟೇ. ತೆಗೆದು ಮುಚ್ಚಿದರು. ಸಂಜೆ ಅತ್ತೆ ಅದನ್ನು ಅಲ್ಲಾಡಿಸಿ ನೋಡಿ, ‘ಸಾಯಿಸ್ಬಿಟ್ಟೆಯಲ್ಲೋ’ ಎಂದು ಮಗನ ಮೇಲೆ ಹರಿಹಾಯ್ದರು. ಮೇಷ್ಟ್ರು ನಟ್ಟನ್ನು ಮತ್ತೆ ಒಳಗೆ ಹಾಕಿ ಮುಚ್ಚಳ ಬಿಗಿದರು. ಅದು ಈಗಲೂ ಒಳಗೇ ಇದೆ.

ಹೀಗೆ ನನ್ನ ಜಾಝ್ ನಡುಮನೆಯ ಕಂಬದ ಬುಡದಲ್ಲಿ ಶುರುವಾಯಿತು. ಕೆಲಸ ಮುಗಿಸಿ ಮಧ್ಯಾಹ್ನ ಕೂರುತ್ತಿದ್ದೆ. ಬೆರಳು ಮತ್ತೆ ಗಟ್ಟಿಯಾದವು. ಕೊನೆಯ ಜ್ವರ ಎದ್ದ ಮೇಲೆ ಹುಳುಗಳು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದಂತಿರುತ್ತದೆ, ಆಗ ತಂತಿಯ ಕಿಣಿಕಿಣಿ ನನಗೇ ಕೇಳುತ್ತಿರಲಿಲ್ಲ. ಬೆಳೆ ಚೆನ್ನಾಗಿ ಬಂತು. ಅದರ ಮುಂದಿನದೂ ಬಂತು. ಅತ್ತೆ ನನ್ನ ಪಾಡಿಗೆ ನನ್ನನ್ನು ಬಿಟ್ಟರು. ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು.

ಆದರೂ ಸ್ವಲ್ಪ ಕಾಲಕ್ಕೆ ಮನಸ್ಸು ಮುದುಡತೊಡಗಿತು. ಒಂದು ಒಳ್ಳೆಯ ತಿರುವು ಬೆರಳಿಗೆ ಸಿಕ್ಕಿದಾಗ ತಲೆಯೆತ್ತಿ ನೋಡುತ್ತಿದ್ದೆ. ಕಣ್ಣು ಮುಚ್ಚಿ ತಲೆದೂಗುವ ಅಪ್ಪ ಅಲ್ಲಿರುತ್ತಿರಲಿಲ್ಲ. ಯಾರಿಗೂ ಕೇಳದಂತೆ ನುಡಿಸುವುದು ಒಂಟಿತನದ ಕೆಲಸ, ನನಗೆ ನಿಜವಾಗಿಯೂ ದುಃಖವಾಗುತ್ತಿತ್ತು. ಕೂರುವುದು ದಿನ ಬಿಟ್ಟು ದಿನವಾಯಿತು, ಆಮೇಲೆ ವಾರಕ್ಕೊಮ್ಮೆ. ಒಂದು ದಿನ ಗಿಟಾರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬಾಗಿಲ ಪಕ್ಕ ಇಟ್ಟೆ. ಚಿಕ್ಕಬಳ್ಳಾಪುರಕ್ಕೆ ಒಯ್ದು ಅಪ್ಪನ ಮನೆಯಲ್ಲಿ ಬಿಟ್ಟು, ಈ ಹುಚ್ಚನ್ನು ಅಲ್ಲಿಗೆ ಮುಗಿಸುವುದೆಂದು ತೀರ್ಮಾನಿಸಿದ್ದೆ.

ಅವತ್ತು ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಸೊಪ್ಪು ಹಾಕುವ ಕೆಲಸವಿಲ್ಲ. ಅತ್ತೆ ತಟ್ಟೆಗಳ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸುತ್ತಿದ್ದವರು ಬಾಗಿಲ ಕಡೆ ನೋಡಿದರು.

‘ಎಲ್ಲಿಗೆ ಹೊರಡ್ತು ಅದು?’

‘ಅಪ್ಪನ ಹತ್ರ ಬಿಟ್ಟು ಬರ್ತೀನಿ ಅತ್ತೆ. ಇಲ್ಲಿ ಕೇಳೋರು ಯಾರೂ ಇಲ್ಲ, ಸುಮ್ನೆ ಯಾಕೆ.’

ಅತ್ತೆ ಆ ತಟ್ಟೆ ಮುಗಿಸಿದರು. ಇನ್ನೊಂದನ್ನು ಎಳೆದುಕೊಂಡರು.

‘ಹೋದ ಬೆಳೇಲಿ, ಮೂರ್ನೇ ಜ್ವರದಲ್ಲಿ ಒಂದು ಬಾರಿಸ್ತಿದ್ದಲ್ಲಮ್ಮ. ಈ ಬೆಳೇಲಿ ಅದು ಬರ್ಲೇ ಇಲ್ಲ. ಮರ್ತೋಯ್ತಾ?’

‘ನಿಮಗೆ ಕೇಳಿಸ್ತಿತ್ತಾ ಅತ್ತೆ?’

‘ಜ್ವರದಲ್ಲಿ ಮನೆ ಸದ್ದೇ ಇರಲ್ವಲ್ಲ. ಕೇಳ್ದೆ ಏನು.’

ಯಾವುದು ಎಂದು ಕೇಳಿದೆ. ಅವರಿಗೆ ಹೇಳಲು ಬರಲಿಲ್ಲ. ಸುಣ್ಣ ಮೆತ್ತಿದ ಬೆರಳಿನಿಂದ ತಟ್ಟೆಯ ಅಂಚಿನ ಮೇಲೆ ಮೆಲ್ಲಗೆ ತಟ್ಟಿದರು. ಒಂದು ಉದ್ದ, ಒಂದು ಗಿಡ್ಡ, ಸ್ವಲ್ಪ ಕುಂಟಿಕೊಂಡು ನಡೆಯುವ ಲಯ. ಅಪ್ಪ ನನಗೆ ಮೊಟ್ಟಮೊದಲು ಕಲಿಸಿದ ಧಾಟಿ ಅದು.

ಬೆಡ್‌ಶೀಟ್ ಬಿಚ್ಚಿದೆ. ಕಂಬದ ಬುಡದಲ್ಲಿ ಕೂತು ನುಡಿಸಿದೆ. ಮನೆ ಬಿಟ್ಟು, ಎಲ್ಲೆಲ್ಲೋ ಸುತ್ತಿ, ಮನೆಗೆ ಬಂದೆ. ಅತ್ತೆ ಸುಣ್ಣದ ಬಟ್ಟಲನ್ನು ಪಕ್ಕಕ್ಕಿಟ್ಟು ಸುಮ್ಮನೆ ಕೂತಿದ್ದರು. ತಟ್ಟೆಗಳಲ್ಲಿ ಅಷ್ಟೂ ಹುಳುಗಳು ತಲೆ ಮೇಲಕ್ಕೆತ್ತಿ ಅಲ್ಲಾಡದೆ ಕೂತಿದ್ದವು. ಜ್ವರದಲ್ಲಿ ಅವು ಯಾವಾಗಲೂ ಹಾಗೇ ಕೂರುತ್ತವೆ.

ಅತ್ತೆ ಅವುಗಳ ಕಡೆ ನೋಡಿ, ನನ್ನ ಕಡೆ ನೋಡಿ, ‘ಕಿವಿ ಇಲ್ಲ ಅಂತಾನೆ ಮೇಷ್ಟ್ರು’ ಅಂದರು.