ಅವ್ವನ ತೂತು ಕುರ್ಚಿ

ಕಕ್ಕಸಿನ ವಿಷಯ ಬರೆಯುತ್ತಿದ್ದೇನೆ. ಊಟ ಮಾಡುತ್ತಾ ಓದುತ್ತಿದ್ದರೆ ಕೈ ತೊಳೆದು ಬನ್ನಿ.

ತೊಂಬತ್ತರ ದಶಕದ ಕೊನೆ. ಟಿನ್ ಫ್ಯಾಕ್ಟರಿ ಹಿಂದಿನ ವಠಾರದಲ್ಲಿ ಐದು ಮನೆ, ಒಂದೇ ಕಕ್ಕಸು, ಅದೂ ಅಂಗಳದ ಆ ತುದಿಗೆ. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಅವ್ವ ಮತ್ತು ನಾನು, ಇಬ್ಬರೇ ಒಂದು ರೂಮಿನಲ್ಲಿದ್ದೆವು. ಕೆಲಸದ ಜಾಗದಲ್ಲಿ ಬಿದ್ದು ಅವ್ವ ಮೊಣಕಾಲು ಚಿಪ್ಪು ಒಡೆದುಕೊಂಡಳು. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಹೇಳಿದರು: "ಕುಕ್ಕರುಗಾಲಲ್ಲಿ ಕೂರೋ ಹಾಗಿಲ್ಲ. ನೀರು ಚೆನ್ನಾಗಿ ಕುಡೀಬೇಕು, ಇಲ್ಲಾಂದ್ರೆ ಈ ಮಾತ್ರೆ ಕಿಡ್ನಿಗೆ ಹೊಡೆಯುತ್ತೆ."

"ಮತ್ತ ಹ್ಯಾಂಗ ಕುಂದರಬೇಕ್ರಿ?" ಅಂದಳು ಅವ್ವ.

"ಮನೇಲಿ ಕಮೋಡ್ ಇಲ್ವಾ?"

ವಠಾರದಲ್ಲಿದ್ದದ್ದು ಕುಕ್ಕರುಗಾಲಲ್ಲಿ ಕೂರುವ ಕಕ್ಕಸು. ಇಂದಿರಾನಗರದಲ್ಲಿ ನಾನು ಟೈಪಿಂಗ್ ಮಾಡುತ್ತಿದ್ದ ಆಫೀಸಿನಲ್ಲಿ ಬಿಳೀ ಕಮೋಡು ದಿನವಿಡೀ ಖಾಲಿ ಬಿದ್ದಿರುತ್ತಿತ್ತು.

ಶಿವಾಜಿನಗರದ ಗುಜರಿ ಅಂಗಡಿಯೊಂದರಲ್ಲಿ ಕಕ್ಕಸಿನ ಮೇಲಿಟ್ಟು ಕೂರಲು ಪ್ಲಾಸ್ಟಿಕ್ ಕುರ್ಚಿಗೆ ತೂತು ಮಾಡಿಕೊಡುತ್ತಾರೆಂದು ಆಫೀಸಿನಲ್ಲಿ ಯಾರೋ ಹೇಳಿದರು. ಹೋದೆ. ಅಂಗಡಿಯವನು ಕಬ್ಬಿಣದ ಸಲಾಕೆ ಕಾಯಿಸುತ್ತಾ ಕೇಳಿದ, "ಅಮ್ಮಾದು ವಜನ್ ಎಷ್ಟು ಮೇಡಂ?"

"ಐವತ್ತು ಕೆಜಿ ಇರಬಹುದು. ಯಾಕೆ?"

"ತೂತು ದೊಡ್ಡದಾದ್ರೆ ಅಮ್ಮಾ ಒಳಗೆ ಹೋಗ್ತಾರೆ. ಚಿಕ್ಕದಾದ್ರೆ ನೀವು ಬಂದು ನನ್ಗೆ ಬೈತೀರಾ."

ಪೇಪರ್ ಸುತ್ತಿಕೊಂಡು ಬಸ್ಸಿನಲ್ಲಿ ತಂದರೆ ಕುರ್ಚಿ ಕಕ್ಕಸಿನ ಬಾಗಿಲಲ್ಲಿ ಹಿಡಿಸಲಿಲ್ಲ. ಬಾಗಿಲು ಅಳೆದುಕೊಂಡು ಹೋಗುವ ಬುದ್ಧಿ ನನಗೆ ಬಂದಿರಲಿಲ್ಲ. ಓರೆ ಮಾಡಿ, ಕಾಲು ಮೊದಲು ತೂರಿಸಿ ಅಂತೂ ಒಳಗಿಟ್ಟೆ. ಅಲ್ಲೇ ಬಿಟ್ಟರೆ ಉಳಿದವರು ಕೂರುವುದೆಲ್ಲಿ? ಪ್ರತಿ ಸಲ ಒಯ್ಯಬೇಕು, ಪ್ರತಿ ಸಲ ತೊಳೆದು ತರಬೇಕು, ಎಲ್ಲರ ಬಾಗಿಲ ಮುಂದೆ. ಬೆಳಿಗ್ಗೆ ಸಂಜೆ ನಾನು ಹೊರುತ್ತಿದ್ದೆ. ಮಧ್ಯಾಹ್ನ ಅವ್ವನೇ ಕೋಲೂರಿಕೊಂಡು ಒಂದು ಕೈಯಲ್ಲಿ ಎಳೆಯಬೇಕಿತ್ತು. ಚಪ್ಪಡಿ ಕಲ್ಲಿನ ಮೇಲೆ ಕರ್ರ್ ಅಂತ ಸದ್ದು.

ಪಕ್ಕದ ಮನೆಯ ತಮಿಳು ಅಜ್ಜಿ ಹಲಸೂರಿನವಳು, ಬಾಯಿ ಜೋರು. "ಏನಮ್ಮಾ, ಅಂಬಾರಿ ಹೊರಟ್ತಾ?" ಅಂದಳು. ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ. ಅವ್ವ ನಗಲಿಲ್ಲ.

ನಾನು ಹೊರಡುವಾಗ ಅವ್ವನ ಪಕ್ಕ ದೊಡ್ಡ ಚೊಂಬಿನಲ್ಲಿ ನೀರಿಟ್ಟು ಹೋಗುತ್ತಿದ್ದೆ. ಸಂಜೆಗೆ ಅದು ಖಾಲಿ. ಸಮಾಧಾನವಾಗಿತ್ತು. ಹತ್ತನೇ ದಿನ ಅವ್ವನಿಗೆ ಚಳಿಜ್ವರ, ಉರಿಮೂತ್ರ. ಆಟೊ ಹಿಡಿದು ಓಡಿದೆ. ಡಾಕ್ಟರು ನಾಲಿಗೆ ನೋಡಿ, "ಇವರು ನೀರೇ ಕುಡಿದಿಲ್ಲ" ಅಂದರು.

ಮನೆಗೆ ಬಂದಾಗ ಬಾಗಿಲ ಪಕ್ಕದ ಪೇಂಟ್ ಡಬ್ಬದ ಕರಿಬೇವು ಕಣ್ಣಿಗೆ ಬಿತ್ತು. ಆ ಬೇಸಿಗೆಯಲ್ಲೂ ಹಸಿರೋ ಹಸಿರು. ಮಣ್ಣಿಗೆ ಬೆರಳಿಟ್ಟೆ. ಕೆಸರು. ಚೊಂಬಿನ ನೀರೆಲ್ಲ ಇಲ್ಲಿಗೇ ಬೀಳುತ್ತಿತ್ತು.

"ಕಿಡ್ನಿ ಹೋದ್ರ ನಾ ಏನ್ ಮಾಡ್ಲಿ ಅವ್ವಾ?" ಅಂತ ಕೂಗಾಡಿದೆ.

"ಊರಾಗ ಬೆಳಕ್ ಹರಿಯೂದ್ರಾಗ ನೀರಿನ ತಂಬಗಿ ಹಿಡಕೊಂಡ್ ಹೋಗಿ ಬರ್ತಿದ್ವಿ. ಒಬ್ರಿಗೂ ಗೊತ್ತಾಗ್ತಿರ್ಲಿಲ್ಲ," ಅಂದಳು ಅವ್ವ ಗೋಡೆ ನೋಡುತ್ತಾ. "ಇಲ್ಲಿ ಕುರ್ಚಿ ಎಳದ್ರ ಐದೂ ಮನಿಗೆ ಗೊತ್ತಾಗತೈತಿ, ಇಕಿ ಹೊಂಟ್ಳು ಅಂತ. ನೀರು ಕುಡೀಲಿಲ್ಲಂದ್ರ ಹೋಗೂದೂ ಇಲ್ಲ."

ನಮ್ಮ ಗೋಡೆ ತೆಳು. ಮಾರನೆ ಬೆಳಿಗ್ಗೆ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ನಾನು ಜಗಳಕ್ಕೆ ಸಿದ್ಧಳಾದೆ.

"ಕುರ್ಚಿ ಕೊಡಮ್ಮಾ," ಅಂದಳು. "ಎರಡು ವರ್ಷದಿಂದ ಮಂಡಿ ನೋವು ನಂಗೂ. ನಲ್ಲಿ ಹಿಡ್ಕೊಂಡು ಎದ್ದೇಳ್ತಾ ಇದ್ದೀನಿ. ಯಾವತ್ತು ಆ ನಲ್ಲಿ ಕಿತ್ಕೊಂಡು ಬರುತ್ತೋ."

ಕೊಟ್ಟೆ. ತಲೆಯ ಮೇಲಿಟ್ಟುಕೊಂಡು, ಕೆಲಸಕ್ಕೆ ಹೊರಟವರ ಮಧ್ಯೆಯೇ ಅಂಗಳ ದಾಟಿದಳು. ಅಜ್ಜಿ ವಾಪಸು ಬರುವಾಗ ಅವ್ವ ಒಳಗಿಂದಲೇ ಕೇಳಿದಳು, "ಏನಜ್ಜಿ, ಅಂಬಾರಿ ಬಂತೇನ್ರಿ?"

"ಬಂತು, ಬಂತು. ತೂತು ಸ್ವಲ್ಪ ದೊಡ್ಡದೇ ಮಾಡಿಸಿದ್ದೀರ."

ಆಮೇಲೆ ಕುರ್ಚಿ ಎರಡು ಮನೆಯ ನಡುವಿನ ಗೋಡೆಗೆ ಒರಗಿ ನಿಂತಿತು. ಕರ್ರ್ ಅಂದರೆ ಹೋಗುತ್ತಿರುವುದು ಯಾರೆಂದು ಉಳಿದ ಮನೆಗಳಿಗೆ ಗೊತ್ತಾಗುತ್ತಿರಲಿಲ್ಲ. ಅವ್ವನಿಗೆ ಅಷ್ಟು ಸಾಕಿತ್ತು.

ನನಗೆ ಸಾಲಲಿಲ್ಲ. ಮುಂದೆ ಎಷ್ಟೋ ತಿಂಗಳು, ಸಂಜೆ ಚಪ್ಪಲಿ ಬಿಡುವ ಮುಂಚೆ ಕರಿಬೇವಿನ ಬುಡ ಮುಟ್ಟಿ ನೋಡುತ್ತಿದ್ದೆ. ಮಣ್ಣು ಒಣಗಿದ್ದರೆ ಮಾತ್ರ ಒಳಗೆ ಹೋಗಿ ಚಹಾಕ್ಕಿಡುತ್ತಿದ್ದೆ.