ಅದು ಅಂದರೆ ಯಾವುದು

ಓಣಿಯವರೆಲ್ಲ ಅವಳನ್ನು ದರ್ಜಿಯಕ್ಕ ಎಂದು ಕರೆಯುತ್ತಿದ್ದರು. ಹೊಲಿಗೆ ಯಂತ್ರ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಹೊಸ ಬಟ್ಟೆ ಹೊಲಿಯುವುದು ಕಡಿಮೆ. ಹೊಟ್ಟೆ ಬಂದವರ ಸೊಂಟ ಸಡಿಲಿಸುವುದು, ಕೆಟ್ಟ ಜಿಪ್ಪು ಬದಲಿಸುವುದು, ಬೆಳೆದ ಮಕ್ಕಳ ಅಂಗಿಯ ಅಂಚು ಬಿಚ್ಚಿ ಉದ್ದ ಮಾಡುವುದು, ಇದೇ ಹೆಚ್ಚು. ಗಂಡ ಬಸ್ ನಿಲ್ದಾಣದ ಹತ್ತಿರ ಬೀಗ ರಿಪೇರಿ ಮಾಡುತ್ತಿದ್ದ. ಊರಿನ ಯಾವ ಬಾಗಿಲನ್ನಾದರೂ ತೆರೆಯಬಲ್ಲವನಿಗೆ ತನ್ನ ಮನೆಯ ಅಡುಗೆಕೋಣೆಯ ಬಾಗಿಲು ಮಾತ್ರ ಕಂಡಿರಲಿಲ್ಲ.

ಯಂತ್ರದ ಪಕ್ಕದಲ್ಲೇ ಅತ್ತೆಯ ಮಂಚ. ಗಟ್ಟಿಮುಟ್ಟಾಗಿದ್ದಾಗ ಅತ್ತೆಯ ಬಾಯಿಗೆ ಇಡೀ ಓಣಿ ಹೆದರುತ್ತಿತ್ತು. ಲಕ್ವ ಹೊಡೆದಾಗ ಬಲಗೈ ಜೊತೆ ಮಾತೂ ಬಿದ್ದುಹೋಯಿತು. ಉಳಿದದ್ದು ಒಂದೇ ಒಂದು ಪದ, "ಅದು." ಮಾತಾಡಿಸುತ್ತಾ ಇದ್ದರೆ ಉಳಿದವೂ ಬರಬಹುದು ಎಂದು ಡಾಕ್ಟರು ಹೇಳಿದ್ದರು. ಮಾತಾಡಿಸಲು ಪುರುಸೊತ್ತು ಯಾರಿಗಿತ್ತು? ಕಿಟಕಿ ನೋಡುತ್ತ "ಅದು" ಎಂದರೆ ಪರದೆ ಎಳೆಯಬೇಕು. ಕಾಲು ಅಲುಗಿಸಿ ಅಂದರೆ ಹೊದಿಕೆ. ಎಳೆದು "ಅದೂ" ಎಂದರೆ ಕೈಯಲ್ಲಿದ್ದದ್ದನ್ನು ಬಿಸಾಕಿ ಓಡಬೇಕು, ಇಲ್ಲವಾದರೆ ಹಾಸಿಗೆ ಒಗೆಯಬೇಕು. ಸೊಸೆಗೆ "ಅ" ಕೇಳಿದರೆ ಸಾಕು, "ದು" ಬರುವಷ್ಟರಲ್ಲಿ ಕೆಲಸ ಆಗಿರುತ್ತಿತ್ತು. "ಹೆತ್ತ ಮಗಳೂ ಹೀಗೆ ನೋಡ್ಕೊಳಲ್ಲ" ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಹೊಗಳಿದವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಗುತ್ತಿದ್ದರು. ಅವಳು ಅಲ್ಲೇ ಇರುತ್ತಿದ್ದಳು.

ಹೆತ್ತ ಮಗಳು, ಅಂದರೆ ಅವಳ ನಾದಿನಿ, ಒಂದು ಸಲ ಬಂದಾಗ ತಾನಾಗಿಯೇ ಹೇಳಿದಳು. "ಅತ್ತಿಗೆ, ಒಂದಿನ ಅಮ್ಮನ್ನ ನಾನು ನೋಡ್ಕೋತೀನಿ. ನೀವಿಬ್ರೂ ಆ ಕೋಟೆ ಊರಿಗಾದ್ರೂ ಹೋಗ್ಬನ್ನಿ. ಇದು ಸರಿಹೋದ್ರೆ ತಿಂಗಳಿಗೊಂದ್ಸಲ ಬರ್ತೀನಿ. ಆಗ್ಲಿಲ್ಲ ಅಂದ್ರೆ ಮಾತ್ರ ನನ್ನ ಕೇಳ್ಬೇಡಿ."

ತಿಂಗಳಿಗೊಂದು ದಿನ! ಈ ಒಂದು ದಿನ ಕೆಟ್ಟರೆ ಮುಂದೆ ಯಾವ ದಿನವೂ ಇಲ್ಲ ಎಂದು ದರ್ಜಿಯಕ್ಕನಿಗೆ ತಕ್ಷಣ ಹೊಳೆಯಿತು. ಆಸೆಗಿಂತ ಭಯವೇ ಹೆಚ್ಚಾಗಿ, ಮಧ್ಯಾಹ್ನದ ಬಸ್ಸಿಗೇ ವಾಪಸ್ ಬಂದುಬಿಡುವುದು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡು ಹೊರಟಳು.

ರಾಜರ ಕಾಲದ ಊರು. ಸುತ್ತಲೂ ಕಲ್ಲಿನ ಗೋಡೆ. ಗೋಡೆಯ ಮೇಲೆಯೇ ನಡೆದು ಊರನ್ನು ಒಂದು ಸುತ್ತು ಹಾಕಬಹುದು. ಹೆಬ್ಬಾಗಿಲಲ್ಲೇ ಗಂಡ ನಿಂತುಬಿಟ್ಟ.

"ಈ ಅಗಳಿ ನೋಡೇ! ಆನೆ ಗುದ್ದಿದ್ರೂ ಜಗ್ಗಲ್ಲ."

"ನಮ್ಮ ಬಚ್ಚಲ ಬಾಗಿಲಿಗೆ ಚಿಲಕಾನೇ ಇಲ್ಲ ಕಣ್ರೀ. ಒಳಗೆ ಹೋದಾಗಲೆಲ್ಲ ಹಾಡು ಹೇಳ್ಕೊಂಡು ಸ್ನಾನ ಮಾಡ್ತೀನಿ."

"ನಿಂಗೆ ಹಾಡು ಇಷ್ಟ ಅಂದ್ಕೊಂಡಿದ್ದೆ."

ಗೋಡೆ ಹತ್ತಿದರು. ಒಳಗೆ ಈಗಲೂ ಜನ ವಾಸವಾಗಿದ್ದರು. ಮೇಲಿನಿಂದ ಕಾಣುವುದೆಲ್ಲ ಮನೆಗಳ ಹಿಂಬದಿಯೇ: ಒಣಹಾಕಿದ ಹಾಸಿಗೆ ಬಟ್ಟೆ, ತೊಟ್ಟಿ, ಪಾತ್ರೆ ಉಜ್ಜುತ್ತಿದ್ದ ಒಬ್ಬ ಹೆಂಗಸು. "ರಾಜರೆಲ್ಲ ಹೋದ್ರು, ತೊಳೆಯೋದು ಇನ್ನೂ ಮುಗಿದಿಲ್ಲ ನೋಡಿ" ಎಂದಳು ದರ್ಜಿಯಕ್ಕ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಅತ್ತಿಗೆ, ಅಮ್ಮ ಅದು ಅಂತಾಳೆ."

"ಕಣ್ಣೆಲ್ಲಿದೆ?"

"ನನ್ನ ಮುಖದ ಮೇಲೇ ಇದೆ, ಸುಟ್ಟುಬಿಡೋ ಹಾಗೆ."

"ಹಾಗಾದ್ರೆ ಬೆನ್ನಿನ ದಿಂಬು ಎತ್ತರ ಮಾಡು."

ಸ್ವಲ್ಪ ದೂರ ನಡೆಯುವಷ್ಟರಲ್ಲಿ ಮತ್ತೆ. "ದಿಂಬು ತಳ್ಳಿಬಿಟ್ಟಳು." "ಪರದೆ ಎಳೆದು ನೋಡು." ಇನ್ನೊಮ್ಮೆ. "ಪರದೇನೂ ಅಲ್ವಂತೆ. ಕೂಗ್ತಿದ್ದಾಳೆ ಅತ್ತಿಗೆ, ನನ್ನ ಕೈಲಾಗಲ್ಲ!"

ಮುಂದೆ ದಾರಿ ಬುರುಜಿನ ಒಳಗಿಂದ ಹಾಯ್ದುಹೋಗುತ್ತಿತ್ತು. ಆ ದಪ್ಪ ಕಲ್ಲಿನೊಳಗೆ ಕಾಲಿಟ್ಟಿದ್ದೇ ಫೋನಿನ ಮಾತು ಕಡಿದುಹೋಯಿತು. ತಣ್ಣನೆಯ ಕತ್ತಲೆ. ಗಂಡ ಗೋಡೆ ತಡಕುತ್ತ, "ಶತ್ರುಗಳು ಬಂದ್ರೂ ಒಳಗಿನೋರಿಗೆ ಕೇಳಿಸ್ತಾ ಇರ್ಲಿಲ್ಲ ಅನ್ಸುತ್ತೆ" ಎಂದ. ಅವಳು ಅವನನ್ನು ದಾಟಿ ಓಡಿದಳು. ಹೊರಗೆ ಬಂದು ಎಷ್ಟು ಸಲ ಮಾಡಿದರೂ ನಾದಿನಿ ಫೋನು ಎತ್ತಲಿಲ್ಲ.

"ಬನ್ರೀ, ಬಸ್ಸಿಗೆ ಹೊತ್ತಾಯ್ತು."

"ಅರ್ಧ ಸುತ್ತೂ ಆಗಿಲ್ವಲ್ಲೇ."

"ನಿಮ್ಮಮ್ಮನಿಗೆ ಏನು ಬೇಕು ಅಂತ ನಿಮಗೆ ಗೊತ್ತಾ? ಗೊತ್ತಿದ್ರೆ ಹೇಳಿ, ಇಲ್ಲೇ ಇರೋಣ."

ಅವನು ಅವಳ ಹಿಂದೆ ಮೆಟ್ಟಿಲಿಳಿದ. ಹೆಬ್ಬಾಗಿಲ ಹೊರಗೆ ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಹೋಯಿತು ತಿಂಗಳಿಗೊಂದು ದಿನ ಎಂದುಕೊಳ್ಳುತ್ತ ಅವಳು ಒಂದು ಕಾಲು ಒಳಗಿಟ್ಟಾಗ ಫೋನು ಬಂತು. ಆ ಕಡೆ ನಾದಿನಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಅತ್ತಿಗೆ, ಅಮ್ಮ ನನ್ನ ಕತ್ತೆ ಅಂದ್ಳು!"

"ಏನಂದ್ರು?"

"ಕತ್ತೆ ಅಂದ್ಳು! ದಿಂಬು ಕೊಟ್ಟೆ, ಪರದೆ ಎಳೆದೆ, ಹೊದಿಸಿದೆ. ಕೊನೆಗೆ ಸೋತು ಎದುರಿಗೇ ಕೂತು, ಅದು ಅಂದ್ರೆ ಯಾವುದಮ್ಮಾ ಅಂದೆ. ಮುಖ ಕೆಂಪಗೆ ಮಾಡ್ಕೊಂಡು ಒದ್ದಾಡಿ ಒದ್ದಾಡಿ, 'ನೀರು, ಕತ್ತೆ!' ಅಂದ್ಳು. ನೀರು ಕುಡಿದ್ಳು. ಆಮೇಲೆ 'ಸಾಕು' ಅಂತಾನೂ ಅಂದ್ಳು. ಈಗ ಗೊರಕೆ ಹೊಡೀತಿದ್ದಾಳೆ. ನೀವು ಆರಾಮಾಗಿ ಬನ್ನಿ. ಮುಂದಿನ ತಿಂಗಳು ಇನ್ನೇನೇನು ಬೈತಾಳೋ ಕೇಳೋಕೆ ನಾನೇ ಬರ್ತೀನಿ."

ದರ್ಜಿಯಕ್ಕ ಇಟ್ಟ ಕಾಲನ್ನು ಹಿಂದೆ ತೆಗೆದಳು. ಕಂಡಕ್ಟರು "ಹತ್ತಮ್ಮ, ಇಲ್ಲಾ ಇಳಿ" ಎಂದು ರೇಗಿದ. ಬಸ್ಸು ಹೊರಟುಹೋಯಿತು. ಅವಳು ಗೋಡೆಯ ಬುಡದ ಕಲ್ಲಿನ ಮೇಲೆ ಕೂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಷ್ಟು ವರ್ಷ "ಯಾವುದು" ಎಂದು ತಾನು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಮೊದಲೇ ಕೊಟ್ಟುಬಿಡುವವಳು ಮನೆಯಲ್ಲಿದ್ದರೆ ಮಾತಿಗೆ ಏನು ಕೆಲಸ? ಎದೆಯ ಮೇಲಿನ ಗುಂಡುಕಲ್ಲನ್ನು ಯಾರೋ ಪಕ್ಕಕ್ಕೆ ಸರಿಸಿದ ಹಾಗಾಯಿತು.

ಗಂಡ ಪಕ್ಕದಲ್ಲಿ ಕೂತ. ಹಸಿದಿದ್ದ. ಅವಳ ಹೆಗಲಿನ ಚೀಲದ ಕಡೆ ಕೈ ಚಾಚಿ ಅಂದ, "ಅದು ತೆಗಿಯೇ."

ಅವಳ ಕೈ ಊಟದ ಡಬ್ಬಿಯ ಮೇಲೆ ಹೋಗಿಯೇಬಿಟ್ಟಿತ್ತು. ಅಲ್ಲೇ ನಿಲ್ಲಿಸಿದಳು.

"ಯಾವುದು?"

"ಅದೇ ಕಣೇ... ಅದು..."

"ಹೇಳಿ ಹೇಳಿ, ಅವಸರ ಇಲ್ಲ. ಇನ್ನು ಬಸ್ಸಿರೋದು ಸಂಜೆಗೇ."

ಉಂಡಾದ ಮೇಲೆ ಚೀಲವನ್ನು ಅವನ ಹೆಗಲಿಗೆ ಹಾಕಿದಳು. ಫೋನನ್ನೂ ಅವನ ಜೇಬಿಗಿಳಿಸಿ, "ಬಂದ್ರೆ ನೀವೇ ಮಾತಾಡಿ, ನಿಮ್ಮಮ್ಮ ತಾನೆ" ಎಂದು, ನೋಡದೆ ಉಳಿದಿದ್ದ ಅರ್ಧ ಗೋಡೆಯ ಕಡೆ ಕೈ ಬೀಸಿಕೊಂಡು ಮೆಟ್ಟಿಲು ಹತ್ತತೊಡಗಿದಳು.