ಸ್ಪೇಸ್ ಬಾರ್ ಇಲ್ಲದ ಸದ್ದು

ಕೀಬೋರ್ಡಿನ ಮೇಲೆ ಸುಳ್ಳು ಸದ್ದು ಮಾಡುವುದನ್ನು ನಾನು ಕಲಿತದ್ದು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಆಫೀಸಿನಲ್ಲಿ. ನಿಜವಾದ ಟೈಪಿಂಗನ್ನು ಅದಕ್ಕೂ ಬಹಳ ಮೊದಲೇ ಕಲಿತಿದ್ದೆ. ಅದನ್ನು ಕಲಿಸಿದವರಿಗೇ ಆಮೇಲೆ ಮೋಸ ಮಾಡಿದೆ.

ಅವರು ಮೊಳಕಾಲ್ಮೂರಿನವರು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಸುಮ್ಮನೆ ತಿರುಗುತ್ತಿದ್ದ ನನಗೆ ಅವರು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೇಳಿಕೊಟ್ಟರು. ಅಕ್ಷರ ನೋಡಿಕೊಂಡು ಹೊಡೆದರೆ ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಕೈಗಳ ಮೇಲೆ ಹೊದಿಸಿಬಿಡುತ್ತಿದ್ದರು.

"ಕಣ್ಣಿಗೇನು ಕೆಲ್ಸ ಐತೆ ಇಲ್ಲಿ? ಕಿವಿ ಕೊಟ್ಟು ಕೇಳಲೇ. ಸರಿಯಾಗಿ ಹೊಡೆದ್ರೆ ಮಿಷನ್ನೇ ಹೇಳ್ತೈತೆ."

ಮುಂದೆ ಅವರಿಗೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ನನ್ನನ್ನೂ ಅವರೇ ಸೇರಿಸಿದರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗಲೂ ಇಬ್ಬರೂ ಅಕ್ಕಪಕ್ಕದ ಮೇಜಿನಲ್ಲೇ ಇದ್ದೆವು. ಊರೂರಿನ ವರ್ತಕರಿಗೆ ಎಣ್ಣೆಯ ದರ ತಿಳಿಸುವ ಕಾಗದ ತಯಾರು ಮಾಡುವುದು ನಮ್ಮ ನಿತ್ಯದ ಕೆಲಸ. ಲೆಕ್ಕದ ಕಂಪ್ಯೂಟರಿನಿಂದ ಬರುವ ವಿಳಾಸಗಳು ಚೆಲ್ಲಾಪಿಲ್ಲಿಯಾಗಿರುತ್ತಿದ್ದವು. ಹೆಸರು ಒಂದು ಕಡೆ, ಊರು ಇನ್ನೊಂದು ಕಡೆ, ನಡುವೆ ಬೇಡದ ಖಾಲಿ ಸಾಲು. ಸಾಲು ಅಳಿಸಬೇಕು, ಹೆಸರು ದಪ್ಪ ಮಾಡಬೇಕು, ಊರನ್ನು ಕೆಳಗಿಳಿಸಬೇಕು. ಮುಂದಿನ ವರ್ತಕನಿಗೂ ಅದೇ, ಅದರ ಮುಂದಿನವನಿಗೂ ಅದೇ. ಅರ್ಧ ದಿನ ಅದರಲ್ಲೇ ಕಳೆಯುತ್ತಿತ್ತು.

ಒಂದು ದಿನ ಅಣ್ಣನ ಬಸ್ಸು ದಾರಿಯಲ್ಲಿ ಕೆಟ್ಟು ಅವರು ಬರುವುದು ತಡವಾಯಿತು. ಕಂಪ್ಯೂಟರ್ ರಿಪೇರಿಗೆಂದು ಚಿತ್ರದುರ್ಗದಿಂದ ಬಂದಿದ್ದವನು ನನ್ನ ಕೆಲಸ ನೋಡಿ ನಕ್ಕ. "ಇದನ್ನೆಲ್ಲ ಕೈಯಾಗೆ ಮಾಡ್ತೀರಾ? ಮ್ಯಾಕ್ರೋ ಹಾಕ್ರಿ" ಅಂದ. ರೆಕಾರ್ಡ್ ಅನ್ನುವ ಕಡೆ ಒತ್ತಿಸಿದ. ತೆರೆಯ ಮೇಲಿನ ಮೌಸಿನ ಬಾಣಕ್ಕೆ ಪುಟ್ಟದೊಂದು ಕ್ಯಾಸೆಟ್ಟಿನ ಚಿತ್ರ ಅಂಟಿಕೊಂಡಿತು. ಹಾಡು ತುಂಬಿಸಿಕೊಳ್ಳುವ ಹಾಗೆ ಅದು ನಾನು ಒತ್ತಿದ್ದನ್ನೆಲ್ಲ ತುಂಬಿಸಿಕೊಳ್ಳುತ್ತದಂತೆ. ಒಬ್ಬ ವರ್ತಕನ ವಿಳಾಸ ಸರಿಮಾಡಿ ನಿಲ್ಲಿಸಿದೆ. ಮುಂದಿನ ಹೆಸರಿನ ಹತ್ತಿರ ಹೋಗಿ, ಅವನು ಗೊತ್ತುಮಾಡಿಕೊಟ್ಟ ಕೀ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲು ಅಳಿಯಿತು, ಹೆಸರು ದಪ್ಪವಾಯಿತು, ಊರು ಕೆಳಗಿಳಿಯಿತು.

ಅಣ್ಣ ಬಂದು ಟವೆಲ್ಲಿನಿಂದ ಬೆವರು ಒರೆಸಿಕೊಂಡು ಪಕ್ಕದಲ್ಲಿ ಕುಳಿತರು. ಆಗಲೇ ಹೇಳಬೇಕಿತ್ತು. ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಷ್ಟು ವರ್ಷ ನಾನು ಬರೆದ ಪ್ರತಿ ಕಾಗದಕ್ಕೂ ಮಿಲ್ಲಿನ ಸಾವ್ಕಾರ್ರು "ನಿಮ್ಮ ಗುರುಗಳಿಗೆ ತೋರಿಸಿದ್ಯಾ?" ಎಂದು ಕೇಳಿಯೇ ಸಹಿ ಮಾಡುತ್ತಿದ್ದರು. ಒಂದೇ ಒಂದು ವಿದ್ಯೆ ನನ್ನದು ಮಾತ್ರ ಆಗಿರಲಿ ಅನ್ನಿಸಿತು. ಇದಕ್ಕಿಂತ ದೊಡ್ಡ ಕಾರಣ ನನಗೆ ಇವತ್ತಿಗೂ ಸಿಕ್ಕಿಲ್ಲ.

ಕೆಲಸ ಬೇಗ ಮುಗಿದುಬಿಡುತ್ತಿತ್ತು. ಸುಮ್ಮನೆ ಕುಳಿತರೆ ಅಣ್ಣನಿಗೆ ಗುಟ್ಟು ಗೊತ್ತಾಗುತ್ತದಲ್ಲ, ಅದಕ್ಕೇ ಖಾಲಿ ಪುಟ ತೆರೆದು ಬಾಯಿಗೆ ಬಂದಂತೆ ಬೈಯುವವರ ಹಾಗೆ ಬೆರಳಿಗೆ ಬಂದಂತೆ ಟಕಟಕ ಹೊಡೆಯುತ್ತಿದ್ದೆ. ಅವರು ಈ ಕಡೆ ತಿರುಗಿದರೆ ಪುಟ ಮುಚ್ಚುತ್ತಿದ್ದೆ. ಆಮೇಲೆ ಎದ್ದು ಅಣ್ಣನಿಗಿಂತ ಮೊದಲು ಕಾಗದ ಒಯ್ದು ಕೊಡುತ್ತಿದ್ದೆ.

"ಏನಪ್ಪಾ, ಗುರೂನೇ ಮೀರಿಸಿಬಿಟ್ಯಲ್ಲ!" ಎಂದು ಸಾವ್ಕಾರ್ರು ನಗುತ್ತಿದ್ದರು. ಅಣ್ಣನೂ ನಗುತ್ತಿದ್ದರು.

ಟೀ ಅಂಗಡಿಯಲ್ಲಿ ಒಮ್ಮೆ ಅವರೇ ಕೇಳಿದರು. "ಏನ್ಲೇ, ಬೆರಳಿಗೆ ಮಿಲ್ಲಿನ ಎಣ್ಣೆ ಗಿಣ್ಣೆ ಹಚ್ಕೊಂಡಿದೀಯಾ?"

"ಎಲ್ಲಾ ನೀವು ಕಲಿಸಿದ್ದೇ ಅಲ್ವೇನ್ರಿ ಅಣ್ಣಾ."

ಅವರು ಲೋಟ ಕೆಳಗಿಟ್ಟರು. "ನಾನು ಕಲಿಸ್ದೇ ಇರೋದು ಏನಾರ ಐತಾ?"

"ಏನೈತೆ? ಏನೂ ಇಲ್ಲ" ಅಂದೆ.

ಆ ವರ್ಷ ಅವರ ಮಗಳು ಚಳ್ಳಕೆರೆಯ ಕಾಲೇಜಿಗೆ ಸೇರಿದ್ದಳು. ಅಪ್ಪ ಮಗಳು ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. "ಇವಳ ಓದು ಮುಗಿಯೋತನ ಈ ಕೆಲ್ಸ ಇದ್ರೆ ಸಾಕು ನೋಡು" ಎಂದು ಅಣ್ಣ ನನ್ನ ಹತ್ತಿರ ಹೇಳಿಕೊಂಡಿದ್ದರು. ಅದು ಗೊತ್ತಿದ್ದೂ, ಸಾವ್ಕಾರ್ರು ನನ್ನೊಬ್ಬನನ್ನೇ ಒಳಗೆ ಕರೆದು "ಯಾಕಪ್ಪಾ ಅವ್ರು ಅಷ್ಟು ನಿಧಾನ?" ಎಂದು ಕೇಳಿದಾಗ, "ವಯಸ್ಸಾತಲ್ರಿ ಸಾವ್ಕಾರ್ರೇ, ಬೆರಳು ಓಡಲ್ಲ" ಅಂದೆ. ಅವರ ಬೆರಳುಗಳು ಕೆಲಸದ ಕೊನೆಯ ದಿನದವರೆಗೂ ನನ್ನ ಬೆರಳಿಗಿಂತ ಚೆನ್ನಾಗಿ ಓಡುತ್ತಿದ್ದವು.

ಆಫೀಸಿಗೆ ಒಬ್ಬರೇ ಸಾಕು ಎಂದು ತೀರ್ಮಾನವಾಯಿತು. ಹೊರಡುವ ದಿನ ಅಣ್ಣ ಟವೆಲ್ಲಿನಿಂದ ತಮ್ಮ ಕೀಬೋರ್ಡು ಒರೆಸಿದರು. ನನ್ನದನ್ನೂ ಒರೆಸಿದರು. "ಬರ್ತೀನಿ ಕಣಪ್ಪಾ" ಅಂದರು. ಬಸ್ಸಿನಲ್ಲಿ ಮಗಳು ಬರುವುದೂ ನಿಂತಿತು. ಮೊಳಕಾಲ್ಮೂರಿನಲ್ಲಿ ಯಾರದೋ ಮಗ್ಗಕ್ಕೆ ರೇಷ್ಮೆ ನೂಲು ಸುತ್ತುತ್ತಿದ್ದಾಳೆ ಎಂದು ಬಸ್ಸಿನವರಿಂದ ಕೇಳಿದೆ. ಕೇಳಿಯೂ ಅವರನ್ನು ನೋಡಲು ಹೋಗಲಿಲ್ಲ.

ಹೋದದ್ದು ನಾನೂ ಕೆಲಸ ಬಿಟ್ಟ ಮೇಲೆ. ಅಣ್ಣನಿಗೆ ಕಣ್ಣು ಮಂಜಾಗಿತ್ತು. ದನಿಯಿಂದಲೇ ಗುರುತು ಹಿಡಿದು "ಬಾರಲೇ" ಅಂದರು. ಮುಂದಿನ ಕೋಣೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಇತ್ತು. ಮಗಳು ಈಗ ಜನರ ಅರ್ಜಿ ಟೈಪು ಮಾಡಿಕೊಡುತ್ತಾಳಂತೆ. ಅವಳು ಟೀ ಮಾಡಲು ಒಳಗೆ ಹೋದಾಗ ಅಣ್ಣನಿಗೆ ಎಲ್ಲವನ್ನೂ ಹೇಳಿದೆ, ಮ್ಯಾಕ್ರೋ, ಖಾಲಿ ಪುಟ, ಸಾವ್ಕಾರ್ರಿಗೆ ಹೇಳಿದ ಮಾತು.

"ಕೊನೇದು ಗೊತ್ತಿರ್ಲಿಲ್ಲ" ಅಂದರು. "ನೀನು ಸುಳ್ಳು ಹೊಡೀತಿದ್ದದ್ದು ಗೊತ್ತಿತ್ತು."

"ಹೆಂಗಣ್ಣಾ?"

"ನಿನ್ನ ಸದ್ದಿನಾಗೆ ಸ್ಪೇಸ್ ಬಾರೇ ಇರ್ತಿರ್ಲಿಲ್ಲ. ಪದ ಪದಕ್ಕೂ ಜಾಗ ಬಿಡ್ದೆ ಯಾವನ್ಲೇ ಕಾಗ್ದ ಹೊಡೀತಾನೆ?"

ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. "ಕೇಳ್ಬೋದಿತ್ತಲ್ರಿ ಅಣ್ಣಾ" ಅಂದೆ.

"ಕೇಳಿದ್ನಲ್ಲೋ, ಟೀ ಅಂಗಡ್ಯಾಗೆ."

ಮಗಳು ಲೋಟ ಹಿಡಿದು ಬಂದಳು. ಅಣ್ಣ ಅವಳ ಕಡೆ ಕೈ ಮಾಡಿ, "ಇವಳೂ ದಿನಾ ಅದೇ ಅರ್ಜಿ ಅದೇ ಅರ್ಜಿ ಸರಿ ಮಾಡ್ತಾಳೆ. ಅದೇನೋ ಮ್ಯಾಕ್ರೋ ಅಂದ್ಯಲ್ಲ, ಇವಳಿಗೂ ತೋರ್ಸು" ಅಂದರು.

ಕುಳಿತು ತೋರಿಸಿದೆ. ಬಾಣಕ್ಕೆ ಕ್ಯಾಸೆಟ್ಟು ಅಂಟಿಕೊಂಡಿತು. ಒಂದು ಅರ್ಜಿ ಸರಿಮಾಡಿ ನಿಲ್ಲಿಸಿ, ಮುಂದಿನದಕ್ಕೆ ಅವಳ ಕೈಯಿಂದಲೇ ಕೀ ಒತ್ತಿಸಿದೆ. ಸಾಲುಗಳು ತಾವಾಗಿಯೇ ಸರಿದು ನಿಂತವು.

"ಅಯ್ಯೋ, ಇಷ್ಟೇನಾ ಚಿಕ್ಕಪ್ಪ?" ಎಂದು ಅವಳು ನಕ್ಕಳು.

"ಇಷ್ಟೇ ಕಣಮ್ಮಾ" ಅಂದೆ. ಅವಳು ಮತ್ತೆ ಮತ್ತೆ ಒತ್ತುತ್ತಿದ್ದ ಆ ಒಂದೇ ಕೀಯ ಸದ್ದನ್ನು ಅಣ್ಣ ತಲೆ ಬಗ್ಗಿಸಿ ಕೇಳುತ್ತಿದ್ದರು.